ಸೀ ನೀರಿನ ಬಾವಿ

"ಆ ಬಾವಿ ನೀರು ಮಾತ್ರ ಬಾಯಿಗೆ ಹಾಕ್ಬೇಡ ಕಣಪ್ಪಾ. ಅದು ಸೀ ನೀರು."

ಮನೆಯೊಡತಿ ಅಕ್ಕಯ್ಯಮ್ಮ ಕೀಲಿಕೈ ಕೊಡುತ್ತ ಹೀಗಂದಾಗ ಶ್ರೀಶೈಲನಿಗೆ ನಗು ತಡೆಯಲಾಗಲಿಲ್ಲ. ರೋಣದ ಕಡೆ ಸವಳು ನೀರು ಕುಡಿದು ಬೆಳೆದವನು ಅವನು. ಎರಡೂ ಕಿಡ್ನಿ ಕೈಕೊಟ್ಟ ಅವ್ವನ ಡಯಾಲಿಸಿಸ್‌ಗೆಂದು ಬೆಂಗಳೂರಿಗೆ ಬಂದು, ಊಟದ ಪಾರ್ಸೆಲ್ ಹೊತ್ತು ಬೈಕಿನಲ್ಲಿ ಅಲೆಯುತ್ತಿದ್ದ. ನಾಯಂಡಹಳ್ಳಿಯ ಗೋಡೌನುಗಳ ಹಿಂದೆ, ಅಡುಗೆಮನೆಯೊಳಗೇ ಬಾವಿಯಿರುವ ಮನೆ ಸಿಕ್ಕರೆ ಯಾರಾದರೂ ಬಿಟ್ಟಾರೆಯೇ?

"ಸೀ ನೀರಿದ್ರ ಕುಡೀಬೇಕಲ್ರೀ ಆಂಟಿ?"

"ನಗ್ಬೇಡ. ಇದು ಮುಂಚೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಶೆಡ್ಡು. ಕೆಲಸಕ್ಕಿದ್ದ ದುರ್ಗವ್ವನ ಮಗು ಕೈಕಾಲು ಸೆಟೆದು ಸತ್ತೋಯ್ತು. ಮೈಗೆ ಹೊಕ್ಕ ಸೀಸ ಆಚೆ ಬರ್ಲೇ ಇಲ್ಲ. ಅವಳು ಸೀಸದ ತಗಡಿನ ಮೇಲೆ ಮಾಟ ಗೀಚಿ ಬಾವಿಗೆ ಹಾಕಿದ್ಲು. ಈ ನೀರು ಯಾರೊಳಗೆ ಹೋದ್ರೂ ಆಚೆ ಬರೋ ದಾರಿ ಮುಚ್ಚೋಗ್ಲಿ ಅಂತ. ಆ ಸೀಸಕ್ಕೇ ನೀರು ಸೀ ಆಗಿದ್ದು. ನಲ್ಲಿ ನೀರು ಕುಡೀರಿ."

ಶ್ರೀಶೈಲ ಅವಳೆದುರೇ ಮುಚ್ಚಳ ಸರಿಸಿ, ಒಂದು ಚೊಂಬು ಸೇದಿ ಗಟಗಟನೆ ಕುಡಿದ. "ಮಾಟ ಭಾಳ ರುಚಿ ಐತ್ರೀ" ಎಂದ. ಮುದುಕಿ ಹೊರಟುಹೋದಳು. ಅಯ್ಯೋ, ಆ ಗುಟುಕನ್ನು ಅವನು ಅಲ್ಲೇ ಉಗುಳಬಾರದಿತ್ತೇ!

ಅವ್ವ ಹನುಮವ್ವನಿಗೆ ಡಾಕ್ಟರು ನೀರನ್ನು ಅಳೆದು ಕೊಡಲು ಹೇಳಿದ್ದರು. ಸದಾ ಬಾಯಾರಿಕೆ. ಬಾವಿ ನೀರಿನ ರುಚಿ ಹತ್ತಿದ ಮೇಲೆ ಅವಳು ನಲ್ಲಿ ನೀರು ಮುಟ್ಟಲೇ ಇಲ್ಲ. "ಬೆಲ್ಲ ಕಲಸಿದಂಗ ಐತಿ" ಎಂದು ಲೋಟದ ತಳ ನೆಕ್ಕುತ್ತಿದ್ದಳು. ಶ್ರೀಶೈಲನೂ ಅದನ್ನೇ ಚೊಂಬುಗಟ್ಟಲೆ ಕುಡಿಯುತ್ತಿದ್ದ. ಮಗನ ಕಿಡ್ನಿ ಹೊಂದಾಣಿಕೆಯಾಗಿತ್ತು. ಯುಗಾದಿ ಕಳೆದರೆ ಆಪರೇಷನ್. ಅವ್ವ ಮತ್ತೆ ಹೊಟ್ಟೆ ತುಂಬ ನೀರು ಕುಡಿಯಬೇಕು, ಅವನಿಗೆ ಬೇರೇನೂ ಬೇಕಿರಲಿಲ್ಲ.

ಆದರೆ ಯುಗಾದಿಗೆ ಮೊದಲೇ ಮನೆಯಲ್ಲಿ ಕಾದ ಲೋಹದ ವಾಸನೆ ಹಬ್ಬಿತು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಬಾವಿಯೊಳಗಿಂದ ಸದ್ದು. ಕರ್... ಕರ್... ತಗಡಿನ ಮೇಲೆ ಮೊಳೆಯಿಂದ ಗೀಚುವ ಸದ್ದು. ಇಲಿ ಇರಬೇಕು ಎಂದುಕೊಂಡ. ನೀರಿನಲ್ಲಿ ಎಂಥ ಇಲಿ?

ಹನುಮವ್ವ ಹೊಟ್ಟೆ ಹಿಡಿದುಕೊಂಡು ಹೊರಳಾಡತೊಡಗಿದಳು. ಮಣಿಕಟ್ಟು ಜೋತುಬಿತ್ತು. ನೋವಿಗೆ ಬಾಯಿ ತೆರೆದಾಗ ಒಸಡಿನ ಅಂಚಿಗೆ ಕಾಡಿಗೆ ಎಳೆದ ಹಾಗೆ ನೀಲಿಗಪ್ಪು ಗೆರೆ ಕಂಡಿತು.

ಡಯಾಲಿಸಿಸ್ ಡಾಕ್ಟರ್ ಚೇತನಾ ರಕ್ತದ ರಿಪೋರ್ಟ್ ನೋಡಿ ಬೆಚ್ಚಿದರು. "ಇಷ್ಟೊಂದು ಸೀಸ ಎಲ್ಲಿಂದ ಬಂತು? ಕಿಡ್ನಿ ಸರಿಯಾಗಿದ್ರೆ ಒಂದಷ್ಟು ಮೂತ್ರದಲ್ಲಿ ಆಚೆ ಹೋಗತ್ತೆ. ಇವರಿಗೆ ಆ ದಾರೀನೇ ಮುಚ್ಚಿದೆ. ಮೂಳೇಲಿ ಹೋಗಿ ಕೂತಿದೆ."

ದಾರಿ ಮುಚ್ಚಿದೆ. ಅಕ್ಕಯ್ಯಮ್ಮನ ಮಾತು ಡಾಕ್ಟರ ಬಾಯಲ್ಲಿ!

"ನಾಡಿದ್ದು ಅಡ್ಮಿಟ್ ಮಾಡ್ಕೊಂಡು ಮೊದಲು ಸೀಸ ಇಳಿಸೋಣ. ಆಮೇಲೆ ನಿಮ್ಮ ಕಿಡ್ನಿ ಹಾಕಿದ್ರೆ ಉಳೀತಾರೆ. ನಿಮ್ಮ ರಕ್ತಾನೂ ಕೊಟ್ಟುಹೋಗಿ, ನಾಳೆ ಫೋನ್ ಮಾಡ್ತೀನಿ."

ಮರುದಿನ ಮಧ್ಯಾಹ್ನ ಅವನು ಪಕ್ಕದ ವರ್ಕ್‌ಶಾಪಿನಿಂದ ಪಾತಾಳಗರಡಿ ತಂದ. ಬಾವಿಗೆ ಬಿದ್ದ ಕೊಡವನ್ನೇ ಎತ್ತುವ ಕೊಕ್ಕೆಗಳು ಒಂದು ತಗಡನ್ನು ಎತ್ತಲಾರವೇ? ಅದನ್ನು ದೂರ ಎಸೆದುಬಿಟ್ಟರೆ ಸಾಕು. ಅವ್ವ ನಡುಮನೆಯಲ್ಲಿ ನರಳುತ್ತಿದ್ದಳು. ಅವನು ಅಡುಗೆಮನೆಗೆ ಕಾಲಿಟ್ಟ. ಕರೆಂಟು ಹೋಯಿತು. ಮುಚ್ಚಳ ತೆರೆದಿತ್ತು. ಬೆಳಿಗ್ಗೆ ತಾನೇ ಮುಚ್ಚಿದ್ದನಲ್ಲ?

ಹಗ್ಗ ಇಳಿಬಿಟ್ಟ. ಕೊಕ್ಕೆಗೆ ಏನೋ ಸಿಕ್ಕಿತು. ಎಳೆದ. ಭಾರ. ಅಂಗೈಯಗಲದ ತಗಡು, ಆದರೆ ಹೆಣ ಎಳೆದಷ್ಟು ಭಾರ. ಮೇಲೆ ಬಂತು. ಮೊಬೈಲಿನ ಬೆಳಕಿನಲ್ಲಿ ಪಾಚಿ ಒರೆಸಿದ. ಮಂತ್ರವಿರಲಿಲ್ಲ. ಬರೀ ಹೆಸರುಗಳು. ಕೊನೆಯದು ಹೊಳೆಯುತ್ತಿತ್ತು. ಹನುಮವ್ವ.

ಕರ್... ಕರ್...

ಸದ್ದು ಬಾವಿಯಿಂದಲ್ಲ. ಕೈಯಲ್ಲಿದ್ದ ತಗಡಿನಿಂದ. ಹೆಬ್ಬೆರಳಿನಡಿ ಏನೋ ಕೊರೆಯುತ್ತಿತ್ತು. ಬೆರಳು ಸರಿಸಿದ. ಶ್ರೀ. ಆಮೇಲೆ ಶೈ. ಕೈ ಬಿಡಲು ನೋಡಿದ. ಬೆರಳು ಬಿಚ್ಚಲಿಲ್ಲ. ಅವ್ವನ ಹಾಗೆ ಅವನ ಮಣಿಕಟ್ಟೂ ಜೋತುಬಿದ್ದಿತ್ತು. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು.

"ಶ್ರೀಶೈಲ, ಚೇತನಾ ಮಾತಾಡ್ತಿರೋದು. ನಿಮ್ಮ ರಕ್ತದಲ್ಲಿ ಅಮ್ಮನಿಗಿಂತ ಜಾಸ್ತಿ ಸೀಸ ಇದೆ. ಕಿಡ್ನಿಗೂ ಪೆಟ್ಟಾಗಿದೆ. ಸಾರಿ... ನಿಮ್ಮದನ್ನ ಅಮ್ಮನಿಗೆ ಹಾಕಕ್ಕಾಗಲ್ಲ."

ಕತ್ತಲಲ್ಲಿ ಗೀಚುವ ಸದ್ದು ನಿಂತಿತು. ಹೆಸರು ಪೂರ್ತಿಯಾಗಿತ್ತು.

"ಶ್ರೀಶೈಲಾ," ನಡುಮನೆಯಿಂದ ಅವ್ವ ಕರೆದಳು. "ಒಂದ್ ಗುಟುಕು ಸೀ ನೀರು ಕೊಡಪಾ."

ಅವನು ಬ್ಯಾಡ ಯವ್ವಾ ಎಂದು ಕೂಗಲು ಬಾಯಿ ತೆರೆದ. ನಾಲಿಗೆಯೆಲ್ಲ ಸಿಹಿಯಾಗಿತ್ತು.