ಮೋನಪ್ಪಣ್ಣ ತಂದ ಪವರ್ ಸಪ್ಲೈ

ನಾನು ಕೌಂಟರಿನಲ್ಲಿ ಕೂರುವ ಫೋರ್ಟ್ ಪೇಟೆಯ ಹೋಟೆಲಿನಲ್ಲಿ ಬಿಲ್ಲಿನ ಕಂಪ್ಯೂಟರು ಸರಿಯಾಗಿ ಊಟದ ಹೊತ್ತಿಗೇ ಕೈಕೊಟ್ಟಿತು. ಮಾಲೀಕ ಮೋನಪ್ಪಣ್ಣ ಫುಟ್‌ಪಾತಿನಿಂದ ಅಗ್ಗದ ಪವರ್ ಸಪ್ಲೈ, ಅಂದರೆ ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಡಬ್ಬಿ, ತಂದರು. ರಿಪೇರಿಯ ಧನರಾಜ್ ಅದನ್ನು ಕೈಯಲ್ಲೇ ತೂಗಿ ನೋಡಿದ.

“ಕಳಪೆ ಮಾಲು ಹಗುರ ಇರ್ತದೆ ಅಣ್ಣ. ಇದು ಕಲ್ಲಿನ ಹಾಗೆ ಉಂಟು, ಇಟ್ಕೊಳ್ಳಿ.”

ಆದರೂ ಖಾತ್ರಿಗೆಂದು ಮುಚ್ಚಳ ಬಿಚ್ಚಿದ. ಒಳಗೆ ಏನೂ ಇರಲಿಲ್ಲ. ಖಾಲಿ ಡಬ್ಬಿಯನ್ನು ನಾನೂ ಎತ್ತಿದೆ. ಎರಡು ಕೈ ಬೇಕಾಯಿತು. ಒಳಗಿನಿಂದ ಫ್ರಿಜ್ ತೆರೆದಂತೆ ತಣ್ಣನೆ ಗಾಳಿ ಬಡಿಯಿತು.

“ಗಿರಾಕಿಗಳು ನಿಂತಿದ್ದಾರೆ ಮಾರಾಯ, ಹಾಕಿ ನೋಡು!” ಎಂದರು ಮೋನಪ್ಪಣ್ಣ.

ಧನರಾಜ್ ನಗುತ್ತಲೇ ಜೋಡಿಸಿದ. ಬಿಲ್ಲುಗಳು ಸರಸರನೆ ಬಂದವು. ಅಣ್ಣ ಖುಷಿಯಲ್ಲಿ ನಮಗೆಲ್ಲ ಪಾಯಸ ಹಾಕಿಸಿದರು.

ಗದ್ದಲ ಮುಗಿದ ಮೇಲೆ ಕಂಪ್ಯೂಟರು ಆರಿಸಲೆಂದು ಕೌಂಟರಿನ ಕೆಳಗೆ ಬಗ್ಗಿದೆ. ಅದರ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಯಾರೂ ಹಾಕಿರಲೇ ಇಲ್ಲ.