ಸೊಪ್ಪು ಚಿಗುರಿದ ತೋಳು

"ಕಾಲು ತೊಳ್ಕೊಂಡು ಒಳಗ್ ಬನ್ನಿ ಮೇಡಮ್. ಸೆಂಟು ಹಾಕಿದ್ರೆ ಬರ್ಲೇಬೇಡಿ, ಹುಳ ಸತ್ತೋಯ್ತವೆ."

ಶೋಭಿತಾಗೆ ನಾನು ಆಡಿದ ಮೊದಲ ಮಾತು ಇದು. ಪ್ರೀತಿ ಹೀಗೂ ಶುರುವಾಗುತ್ತದೆಯೇ! ಅವಳು ನಕ್ಕು, ಕಾಲಿನ ಜೊತೆ ಮುಖವನ್ನೂ ತೊಳೆದುಕೊಂಡು ಬಂದಳು. ಗಲ್ಲದ ಮೇಲೆ ಒಂದು ಹನಿ ಹಾಗೇ ನಿಂತಿತ್ತು. ಹುಳಕ್ಕೆ ಸೊಪ್ಪು ಹಾಕುವುದನ್ನೇ ಮರೆತು ನೋಡಿದೆ.

ಮಂಡ್ಯದ ಹುಡುಗಿ. ಬಯೋಟೆಕ್ನಾಲಜಿ ಓದಿ ಕೊನೆಗೆ ಕುಂಚ ಹಿಡಿದವಳು. ಮುಂದೊಂದು ದಿನ ಲ್ಯಾಬಿನಲ್ಲಿ ಗಿಡದ ಜೀನಿಗೆ ಪ್ರಾಣಿಯ ಜೀನು ಬೆಸೆದರೆ ಏನೇನು ಹುಟ್ಟಬಹುದು ಅಂತ ಚಿತ್ರ ಬರೆಯುತ್ತಿದ್ದಳು. ಅದಕ್ಕೇ ಕಿರುಗಾವಲಿನ ನಮ್ಮ ರೇಷ್ಮೆ ಹುಳದ ಮನೆಗೆ ಎರಡು ತಿಂಗಳು ಬಸ್ಸಿನಲ್ಲಿ ಓಡಾಡಿದಳು. ಅವಳ ಚಿತ್ರಗಳಲ್ಲಿ ತಾನೇ ನೂಲು ಬಿಡುವ ಹಿಪ್ಪುನೇರಳೆ ಗಿಡ, ಕಾಲು ಬಂದು ನಡೆಯುವ ಎಲೆ, ಹೀಗೆ.

"ಸೊಪ್ಪಿಗೆ ಕಾಲು ಬಂದ್ರೆ ಕೊಯ್ಯೋದೆಂಗವ್ವ? ಓಡೋಗ್ಬುಡ್ತದಲ್ಲ!" ಅಂದಳು ನಮ್ಮವ್ವ ಸೋಮಮ್ಮ.

"ನೀವು ಹುಳ ಹಣ್ಣಾಯ್ತು ಅಂತೀರಲ್ಲಮ್ಮ, ಅದಕ್ಕಿಂತ ಇದು ಹೆಚ್ಚಾ?"

ಮೇವು ಬಿಟ್ಟು, ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ತಯಾರಾದ ಹುಳಕ್ಕೆ ಹಾಗನ್ನುತ್ತೇವೆ. ಗುರುತಿಸುವುದನ್ನು ಅವಳಿಗೆ ಕಲಿಸಿದ್ದು ನಾನೇ. ಅವಳ ಅಂಗೈ ಮೇಲೆ ಹುಳ ಇಟ್ಟಾಗ ಬೆರಳಿಗೆ ಬೆರಳು ತಗುಲಿತು. ಇಬ್ಬರೂ ತೆಗೆಯಲಿಲ್ಲ.

ಕೊನೆಯದಾಗಿ ತಂದು ತೋರಿಸಿದ್ದು, ತೋಳಿನಿಂದ ಸೊಪ್ಪು ಚಿಗುರಿದ ಗಂಡಸಿನ ಚಿತ್ರ. ಮುಖ ನನ್ನದು!

"ನನ್ನೇ ಗಿಡ ಮಾಡ್ಬುಟ್ಟಿದ್ದೀಯಲ್ಲ!"

"ಬೇರು ಬಿಟ್ರೆ ಎಲ್ಲೂ ಓಡಿಹೋಗಲ್ಲ ಅಂತ." ಓರೆಗಣ್ಣಲ್ಲಿ ನೋಡಿದಳು. "ಭಾನುವಾರ ಮಂಡ್ಯದಲ್ಲಿ ಎಕ್ಸಿಬಿಷನ್. ಅಪ್ಪ ಬರ್ತಾರೆ. ನೀನೂ ಬಾ ಶಿವು, ಇದರ ಮುಂದೇನೇ ನಮ್ಮ ವಿಷಯ ಹೇಳಿಬಿಡ್ತೀನಿ."

ಹ್ಞೂಂ ಅಂದೆ.

ಭಾನುವಾರ ಅವ್ವ ಇಸ್ತ್ರಿ ಮಾಡಿದ ಶರ್ಟು ಕೊಟ್ಟಳು. "ಹುಳ ಅಣ್ಣಾಗಕ್ಕೆ ಇನ್ನೂ ಎಲ್ಡು ದಿನ ಅದೆ. ನಾನು ನೋಡ್ಕತೀನಿ, ಓಗ್ಬಾ ಸಿವು."

ಅವಳಪ್ಪ ಕಾಲೇಜು ಪ್ರಿನ್ಸಿಪಾಲರು. ನಾನು ಪಿಯುಸಿ ಫೇಲು. ಆ ಚಿತ್ರವನ್ನೂ ನನ್ನನ್ನೂ ಒಟ್ಟಿಗೆ ನೋಡಿ ನಕ್ಕುಬಿಟ್ಟರೆ? ಹುಳದ ಮನೆಯಲ್ಲೇ ನಿಂತು ಫೋನು ಮಾಡಿದೆ.

"ಹುಳ ಹಣ್ಣಾಗ್ಬುಟ್ಟವೆ ಕಣೆ. ಬರಕ್ಕಾಗಲ್ಲ."

"ಶಿವು, ಅವು ಸೊಪ್ಪು ಮೇಯೋ ಸದ್ದು ಇಲ್ಲಿಗೇ ಕೇಳ್ತಿದೆ," ಅಂದು ಫೋನಿಟ್ಟಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ನನ್ನ ತುತ್ತನ್ನು ನಾನೇ ಚೆಲ್ಲಿಕೊಂಡೆ. ಆಮೇಲೆ ಎಷ್ಟು ಸಲ ಫೋನು ಮಾಡಿದರೂ ಅವಳು ಎತ್ತಲಿಲ್ಲ.

ತಿಂಗಳಾದ ಮೇಲೆ, ಬರೋಡಾಕ್ಕೆ ಓದಲು ಹೊರಟಿದ್ದಾಳೆ ಅಂತ ತಿಳಿದು ಮಂಡ್ಯ ಸ್ಟೇಷನ್ನಿಗೆ ಓಡಿದೆ. ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಅವಳಪ್ಪ ನೀರಿನ ಬಾಟಲಿ ತರಲು ಹೋಗಿದ್ದರು.

"ಭಯ ಆಗ್ತಿದೆ ಅಂತ ಅವತ್ತು ಒಂದು ಮಾತು ಹೇಳಿದ್ರೆ, ಅಪ್ಪನ್ನ ಕರ್ಕೊಂಡು ನಾನೇ ನಿಮ್ಮನೆಗೆ ಬರ್ತಿದ್ದೆ ಕಣೋ," ಅಂದಳು. ಕೋಪವಿರಲಿಲ್ಲ. ಅವಳ ಕಣ್ಣು ಇನ್ನೂ ಕಾಯುತ್ತಿತ್ತು.

ಅಷ್ಟರಲ್ಲಿ ಅವಳಪ್ಪ ಬಂದರು. ನನ್ನನ್ನು ನೋಡಿ, "ಈ ಮುಖ ಎಲ್ಲೋ ನೋಡಿದ ಹಾಗಿದೆ, ಯಾರಮ್ಮ ಇವರು?" ಅಂದರು.

ಅವಳು ಬೆಂಚಿನಿಂದ ಎದ್ದು ನನ್ನ ಮುಖವನ್ನೇ ನೋಡಿದಳು.

"ಬೇರೆ ಯಾರನ್ನೋ ರೈಲು ಹತ್ಸಕ್ಕೆ ಬಂದಿದ್ದೆ ಸಾರ್," ಅಂದೆ.