ಲಿಸ್ಟಿನಲ್ಲಿಲ್ಲದ ಕೂದಲು

“ಸ್ವಲ್ಪ ಬೆಳಕಿಗೆ ಬಾ,” ಎಂದು ಮೇಲಿನ ಮನೆ ಆಂಟಿ ಚೂಟಿಯ ತಲೆಯನ್ನು ಕಿಟಕಿಯ ಕಡೆ ತಿರುಗಿಸಿದರು. ಬೆಳಕು ಸಾಲಲಿಲ್ಲವೆಂದು ಮೊಬೈಲಿನ ಟಾರ್ಚ್ ಬೇರೆ ಹಾಕಿದರು. ಕಳೆದುಹೋದ ಓಲೆ ಹುಡುಕುವವರ ಹಾಗೆ ಕೂದಲನ್ನು ಅತ್ತ ಇತ್ತ ಸರಿಸಿ, ಬೋಳಾದ ಜಾಗಗಳನ್ನು ಬೆರಳಿಟ್ಟು ಎಣಿಸಿದರು.

“ಮೂರಿದೆ,” ಎಂದರು.

“ನಾಲ್ಕು. ಕಿವಿ ಹಿಂದೆ ಒಂದು ಬಿಟ್ರಿ,” ಎಂದಳು ಚೂಟಿ.

ಚೂಟಿ ಐದನೇ ಕ್ಲಾಸು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮಾತಿನಲ್ಲಿ ಚುರುಕು ಎಂದು ತಾತ ಇಟ್ಟ ಹೆಸರೇ ಎಲ್ಲರ ಬಾಯಲ್ಲೂ ಉಳಿದಿತ್ತು. ಎರಡು ತಿಂಗಳಿಂದ ಅವಳ ಕೂದಲು ಅಲ್ಲಲ್ಲಿ ಗುಂಡಗೆ ಉದುರುತ್ತಿತ್ತು. ನೋವಿಲ್ಲ, ತುರಿಕೆಯಿಲ್ಲ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಒಂದು ಹಿಡಿ ಕೂದಲು ಬಿದ್ದಿರುತ್ತಿತ್ತು.

ಯಾಕೆ ಉದುರುತ್ತಿದೆ ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಉಳಿದವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಆಂಟಿಯ ಪ್ರಕಾರ ಶಾಂಪೂ. ಪಿ.ಟಿ. ಸರ್ ಪ್ರಕಾರ ಮೊಬೈಲು. ಇಸ್ತ್ರಿ ಅಂಗಡಿಯವನು ಎಲ್ಲಾ ನಲ್ಲಿ ನೀರಿನ ದೋಷ ಎಂದು ಹೇಳಿ, ತಾನು ಹಚ್ಚುವ ಎಣ್ಣೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟ. ಅವನ ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ. ಬಿಟ್ಟಿ ಸಲಹೆ ಕೊಡುವವರಿಗೆ ನಾಚಿಕೆ ಇರುವುದಿಲ್ಲ ಎಂದು ಚೂಟಿಗೆ ಆಗಲೇ ಗೊತ್ತಾಯಿತು.

ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಹುಡುಗಿ ತಲೆ ತುಂಬ ದೇಶಗಳ ನಕ್ಷೆ ಇದೆ ಎಂದು ಅವಳಿಗೆ ‘ಅಟ್ಲಾಸ್’ ಎಂದು ಹೆಸರಿಟ್ಟಳು. ಮ್ಯಾಪ್ ಟೆಸ್ಟಿನಲ್ಲಿ ಸೊನ್ನೆ ತೆಗೆದುಕೊಂಡವಳಿಗೂ ಅಟ್ಲಾಸ್ ಅಂದರೆ ಏನು ಅಂತ ಗೊತ್ತಾಯಿತಲ್ಲ, ಸದ್ಯ, ಎಂದು ಚೂಟಿ ತಿರುಗಿಸಿ ಕೊಟ್ಟಳು. ಇಡೀ ಕ್ಲಾಸು ನಕ್ಕಿತು. ಆಮೇಲೆ ಚೂಟಿ ಟಾಯ್ಲೆಟ್ಟಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಪೂರ್ತಿ ಬೋಳಾಗಿಬಿಟ್ಟರೆ ಏನು ಗತಿ ಎಂದು ಅವಳಿಗೆ ತುಂಬಾ ಹೆದರಿಕೆಯಾಗಿತ್ತು.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಮಾತ್ರ ನೇರವಾಗಿ ಹೇಳಿದ್ದರು. ತನಗೆ ಕಾರಣ ತಿಳಿಯುತ್ತಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ ಎಂದಿದ್ದರು. ಚರ್ಮದ ಡಾಕ್ಟರ ಫೀಸು, ರಕ್ತದ ಟೆಸ್ಟು ಎಲ್ಲ ಸೇರಿದರೆ ಅಮ್ಮನ ಅರ್ಧ ಸಂಬಳ ಹೋಗುತ್ತಿತ್ತು. ಆದರೆ ಅಮ್ಮನ ಹತ್ತಿರ ಒಂದು ಕಾರ್ಡ್ ಇತ್ತು.

ಅಮ್ಮ ಒಂದು ಹೆಲ್ತ್ ಇನ್ಶೂರೆನ್ಸ್ ಕಂಪನಿಯ ಹೆಲ್ಪ್‌ಲೈನಿನಲ್ಲಿ ಕೆಲಸ ಮಾಡುತ್ತಿದ್ದಳು. ಕಾಯಿಲೆಯವರು ಫೋನ್ ಮಾಡಿದರೆ, ಯಾವುದಕ್ಕೆ ಕಂಪನಿ ದುಡ್ಡು ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂದು ಲಿಸ್ಟ್ ನೋಡಿ ಹೇಳುವುದು ಅವಳ ಕೆಲಸ. ಕಂಪನಿ ಅವಳಿಗೂ ಒಂದು ಕಾರ್ಡ್ ಕೊಟ್ಟಿತ್ತು. ಕಾರ್ಡಿನ ಮೇಲೆ ಹಲ್ಲು ಕಿರಿಯುತ್ತಿದ್ದ ಒಂದು ಕುಟುಂಬದ ಫೋಟೋ. ನಾಲ್ಕು ಜನಕ್ಕೂ ದಟ್ಟವಾದ ಕೂದಲು.

ಅಮ್ಮ ಅರ್ಜಿ ಹಾಕಿದಳು. ಹದಿನೈದು ದಿನಕ್ಕೆ ಕಾಗದ ಬಂತು. ಕೂದಲು ಅಂದಕ್ಕೆ ಸಂಬಂಧಿಸಿದ ವಿಷಯ, ಆದ್ದರಿಂದ ಲಿಸ್ಟಿನಲ್ಲಿಲ್ಲ ಎಂದು ಬರೆದಿದ್ದರು. ಅಲ್ಲದೆ ಈ ಕಾರ್ಡಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದರೆ ಮಾತ್ರ ದುಡ್ಡು ಬರುತ್ತದಂತೆ. ನಡೆದುಕೊಂಡು ಹೋಗಿ ತೋರಿಸಿಕೊಂಡು ಬರುವವರು ಕಾಯಿಲೆಯವರ ಲೆಕ್ಕಕ್ಕೇ ಇಲ್ಲ.

“ಕೂದಲು ಅಂದಕ್ಕಂತೆ. ಹಾಗಾದ್ರೆ ಮೂಗು ಯಾತಕ್ಕೆ? ಕನ್ನಡಕ ಇಡೋಕಾ?” ಎಂದಳು ಚೂಟಿ.

ದೀಪದ ಬುಡದಲ್ಲೇ ಕತ್ತಲು ಎಂದು ತಾತ ಗೊಣಗಿದರು. ಅಮ್ಮ ಕಾಗದವನ್ನು ನೀಟಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಅದನ್ನು ನೋಡಿ ಚೂಟಿಗೆ ಮೈಯೆಲ್ಲ ಉರಿಯಿತು.

“ಅಲ್ಲೇ ಕೆಲ್ಸ ಮಾಡ್ತೀಯ. ಒಂದು ಮಾತು ಕೇಳೋಕೆ ಬಾಯಿಲ್ವಾ ನಿಂಗೆ?”

“ಕೇಳ್ದೆ,” ಎಂದಳು ಅಮ್ಮ, ಅಷ್ಟೇ.

ಚೂಟಿ ನಂಬಲಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ ತಾನೇ ಸಾರಿ ಕೇಳುವ ಅಮ್ಮ, ಆಫೀಸಿನಲ್ಲಿ ಏನು ತಾನೇ ಕೇಳಿರುತ್ತಾಳೆ? ಬೆಕ್ಕಿನ ಮುಂದೆ ಇಲಿ ಕೇಳಿದ ಹಾಗೆ ಕೇಳಿರುತ್ತಾಳೆ. ಕೇಳುವವರು ಕೇಳಿದರೆ ಕಂಪನಿಯವರು ಒಪ್ಪಿಯೇ ಒಪ್ಪುತ್ತಾರೆ, ತಾನೇ ಕೇಳುತ್ತೇನೆ ಎಂದು ತೀರ್ಮಾನಿಸಿದಳು.

ಶನಿವಾರ ಅರ್ಧ ದಿನ ಸ್ಕೂಲು. ಅಮ್ಮನಿಗೆ ಶನಿವಾರವೂ ಆಫೀಸು. ಒಂದು ಗಂಟೆಗೆ ಅಮ್ಮನ ಊಟದ ಬಿಡುವು. ಆಗ ಫೋನ್ ಮಾಡಿದರೆ ಅಮ್ಮನ ಕೈಗೆ ಸಿಕ್ಕಿಬೀಳುವ ಭಯವಿಲ್ಲ. ಚೂಟಿ ತಾತನಿಗೆ ವಿಷಯ ಹೇಳಿ, ಅವರ ಫೋನ್ ತೆಗೆದುಕೊಂಡು, ಹೆಲ್ಪ್‌ಲೈನಿನ ನಂಬರನ್ನೂ ಕಾರ್ಡಿನ ನಂಬರನ್ನೂ ಕೈಮೇಲೆ ಬರೆದುಕೊಂಡು ಸಿದ್ಧವಾದಳು. ತಾತ ಪೇಪರ್ ಹಿಡಿದು ಕುರ್ಚಿಯಲ್ಲಿ ಕೂತರು. ಕಿವಿಯೆಲ್ಲ ಇತ್ತಲೇ ಇತ್ತು.

ಒಂದು ಒತ್ತಿ, ಎರಡು ಒತ್ತಿ ಎಂದು ಮೆಷಿನ್ನು ಆಟ ಆಡಿಸಿತು. ಕರೆ ರೆಕಾರ್ಡ್ ಆಗುತ್ತದೆ ಎಂದು ಹೆದರಿಸಿತು. ಚೂಟಿ ಹೆದರಲಿಲ್ಲ. ಕೊನೆಗೆ ಒಬ್ಬ ಗಂಡಸು ಸಿಕ್ಕಿದ. ಅವಳು ದೊಡ್ಡವರ ಹಾಗೆ ದನಿ ದಪ್ಪ ಮಾಡಿಕೊಂಡು ಮಗುವಿನ ಕೂದಲಿನ ಕತೆ ಹೇಳಿದಳು. ಅವನು ಕ್ಷಮಿಸಿ ಮೇಡಂ, ಲಿಸ್ಟಿನಲ್ಲಿಲ್ಲ ಮೇಡಂ ಎಂದು ಐದು ಸಲ ಹೇಳಿದ. ನಿಮ್ಮ ತಲೆ ಒಳಗೂ ಏನೂ ಇದ್ದಂಗಿಲ್ಲ ಎಂದು ಹೇಳಿ ಚೂಟಿ ಫೋನ್ ಕುಕ್ಕಿದಳು. ಬಹಳ ಖುಷಿಯಾಯಿತು. ಇನ್ನೊಬ್ಬರಾದರೂ ಒಪ್ಪಬಹುದು ಎಂದು ಮತ್ತೆ ಮಾಡಿದಳು.

ಈ ಸಲ ಒಬ್ಬ ಹೆಂಗಸು. ಕೆಮ್ಮಿನ ಸಿರಪ್ಪಿನಷ್ಟು ಸಿಹಿಯಾದ ದನಿ. ಚೂಟಿ ಕಾರ್ಡಿನ ನಂಬರ್ ಓದಿ ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೇಳಿ ಮೇಡಂ ಎಂದಿತು ದನಿ. ಚೂಟಿ ಎಲ್ಲ ಹೇಳಿದಳು. ದನಿ ಪುಸ್ತಕ ಓದಿದ ಹಾಗೆ ನಿಧಾನವಾಗಿ, ಕ್ಷಮಿಸಿ, ಅದು ಅಂದಕ್ಕೆ ಸಂಬಂಧಿಸಿದ ವಿಷಯ ಎಂದು ಶುರು ಮಾಡಿತು.

“ನಿಮಗೆ ಮಕ್ಕಳಿದ್ದಾರಾ? ಅವರ ಕೂದಲು ಹಿಡಿ ಹಿಡಿ ಉದುರಿದ್ರೂ ಹೀಗೇ ರಾಗ ಎಳೀತೀರಾ?” ಎಂದಳು ಚೂಟಿ.

ದನಿ ನಿಂತಿತು. ಹಿಂದೆ ಬೇರೆ ಫೋನುಗಳು ಬಡಿದುಕೊಳ್ಳುತ್ತಿದ್ದವು.

“ಒಬ್ಬಳು ಮಗಳಿದ್ದಾಳೆ ಮೇಡಂ. ಐದನೇ ಕ್ಲಾಸು.”

ದನಿಯಲ್ಲಿದ್ದ ಸಕ್ಕರೆ ಹೋಗಿತ್ತು. ಅದು ಅಮ್ಮನ ದನಿಯಾಗಿತ್ತು.

ಅಮ್ಮಾ ಎಂದು ಬಾಯಿಗೆ ಬಂದದ್ದನ್ನು ಚೂಟಿ ನುಂಗಿಕೊಂಡಳು. ಎಲ್ಲ ರೆಕಾರ್ಡ್ ಆಗುತ್ತದೆ. ಕೇಳಿಸಿಕೊಂಡವರು ಆಮೇಲೆ ಅಮ್ಮನನ್ನು ಕರೆದು ಏನಂದಾರು?

“ನೀವು... ಊಟಕ್ಕೆ ಹೋಗಿಲ್ವಾ ಮೇಡಂ?”

“ಇಲ್ಲ ಮೇಡಂ. ಹತ್ತು ದಿನ ಊಟದ ಹೊತ್ತಲ್ಲೂ ಕಾಲ್ ತಗೊಂಡ್ರೆ ಅರ್ಧ ದಿನ ರಜೆ ಕೊಡ್ತಾರೆ. ಇವತ್ತಿಗೆ ಎಂಟು ದಿನ ಆಯ್ತು.”

“ರಜೆ ಯಾಕೆ?”

“ಸರ್ಕಾರಿ ಆಸ್ಪತ್ರೆಗೆ ಚರ್ಮದ ಡಾಕ್ಟರು ಗುರುವಾರ ಬೆಳಿಗ್ಗೆ ಮಾತ್ರ ಬರ್ತಾರೆ. ಮಗಳನ್ನ ಕರ್ಕೊಂಡು ಹೋಗಿ ಕ್ಯೂ ನಿಲ್ಬೇಕು ಮೇಡಂ.”

ಚೂಟಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಬಾಯಿಲ್ವಾ ಎಂದು ಕೇಳಿದ್ದು ನೆನಪಾಗಿ ಮುಖ ಬಿಸಿಯಾಯಿತು. ಆ ಕಡೆಯಿಂದ, ನನ್ನಿಂದ ಇನ್ನೇನಾದರೂ ಸಹಾಯ ಬೇಕಿತ್ತೇ ಎಂದು ಅಮ್ಮ ಮತ್ತೆ ಆಫೀಸಿನ ದನಿಯಲ್ಲಿ ಕೇಳಿದಳು. ಏನೂ ಬೇಡ ಎಂದಳು ಚೂಟಿ. ಆದರೂ ಲೈನು ಕಟ್ಟಾಗಲಿಲ್ಲ. ಅಮ್ಮ ಉಸಿರಾಡುವುದು ಕೇಳುತ್ತಿತ್ತು.

“ನೀವೇ ಇಡ್ಬೇಕು ಮೇಡಂ,” ಎಂದಳು ಅಮ್ಮ ಮೆತ್ತಗೆ. “ನಾವಾಗಿ ಇಡೋ ಹಾಗಿಲ್ಲ.”

“ಸರಿ ಮೇಡಂ. ಇಡ್ತೀನಿ.”

ಚೂಟಿ ಕೆಂಪು ಬಟನ್ ಮೆಲ್ಲಗೆ ಒತ್ತಿದಳು. ಮೊದಲು ಬೈಸಿಕೊಂಡ ಗಂಡಸಿಗೆ ಊಟ ಬಿಟ್ಟು ಎಷ್ಟು ದಿನ ಆಯಿತೋ, ಅವನಿಗೆ ಯಾತಕ್ಕೆ ರಜೆ ಬೇಕೋ ಎಂದುಕೊಂಡಳು.

ತಾತ ಪೇಪರ್ ಕೆಳಗಿಳಿಸಿದರು. ಸಾಯಂಕಾಲದವರೆಗೆ ನಗುವಷ್ಟು ಸರಕು ಸಿಗುತ್ತದೆ ಎಂದು ಕಾದಿದ್ದವರು ಏನಾಯಿತೆಂದು ಕೇಳಿದರು.

“ಸಿಗಲ್ವಂತೆ ತಾತ.”

“ಅಷ್ಟಕ್ಕೇ ಬಿಟ್ಬಿಟ್ಯಾ? ಇನ್ನೊಂದ್ಸಲ ಮಾಡು. ಆ ಹೆಂಗಸಿಗೆ ಸರಿಯಾಗಿ ನಾಲ್ಕು ಬಾರಿಸು.”

“ಬೇಡ ತಾತ,” ಎಂದಳು ಚೂಟಿ. “ಯಾರೋ ಪಾಪ. ಇನ್ನೂ ಊಟ ಮಾಡಿಲ್ವಂತೆ.”